ಎರೆ ಹೊಲದ ಪಾಠ: ವಿಜಯಪುರ ಸೀಮೆಯ ಒಣಬೇಸಾಯ ಶಿಕ್ಷಣ

ಬಿದ್ದ ಮಳೆಯನ್ನು ಮಣ್ಣಿನಲ್ಲೇ ಹಿಡಿದಿಟ್ಟುಕೊಂಡು ಅದರ ಹಸಿಯಲ್ಲೇ ಬೆಳೆ ತೆಗೆಯುವ ಒಣಬೇಸಾಯವನ್ನು ಸಂಶೋಧಿಸಿ ರೈತರಿಗೆ ಕಲಿಸುವ ಕೇಂದ್ರವೊಂದು ವಿಜಯಪುರದಲ್ಲಿ ತಲೆಯೆತ್ತಿ ಇನ್ನೂ ನೂರು ವರ್ಷ ತುಂಬಿಲ್ಲ. ಆ ವಿದ್ಯೆಯಾದರೋ ಅಲ್ಲಿನ ಜೋಳದ ಹೊಲಗಳಲ್ಲಿ ಅದಕ್ಕಿಂತ ಬಹಳ ಹಳೆಯದು.

ಕೃಷಿಯ ಸ್ಥಿತಿಗತಿಯ ವಿಚಾರಣೆಗಾಗಿ 1926ರಲ್ಲಿ ನೇಮಕಗೊಂಡ ರಾಯಲ್ ಕಮಿಷನ್ನಿನ ಸಲಹೆಯಂತೆ 1929ರಲ್ಲಿ ಕೃಷಿ ಸಂಶೋಧನಾ ಪರಿಷತ್ತು ಹುಟ್ಟಿ, 1933ರ ಸುಮಾರಿಗೆ ಅದರ ನೆರವಿನಿಂದ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು ಮತ್ತು ರೋಹ್ಟಕ್‌ಗಳಲ್ಲಿ ಒಣಬೇಸಾಯದ ಪ್ರಯೋಗಗಳು ಮೊದಲಾದವು. ಇವುಗಳಲ್ಲಿ ಮೂರು ಊರುಗಳು ಇಂದಿನ ಕರ್ನಾಟಕದಲ್ಲಿವೆಯಾದರೂ ಅಂದು ಮುಂಬಯಿ, ಮದರಾಸು ಮತ್ತು ನಿಜಾಮ ಎಂಬ ಮೂರು ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವು.

ಈ ಪ್ರಯೋಗಗಳಿಂದ ರೂಪುಗೊಂಡ ‘ಮುಂಬಯಿ ಪದ್ಧತಿ’ಯು ಒಡ್ಡು ಹಾಕುವುದು, ಮೂರು ವರ್ಷಕ್ಕೊಮ್ಮೆ ಆಳವಾಗಿ ಉಳುವುದು, ಮುಂಗಾರಿನಲ್ಲಿ ಹೊಲವನ್ನು ಮತ್ತೆ ಮತ್ತೆ ಹರಗುವುದು, ಬೀಜ ಕಡಿಮೆ ಮಾಡಿ ಸಾಲು ಅಗಲಿಸುವುದು, ಎಡೆ ಹೊಡೆಯುವುದು ಎಂಬ ಕ್ರಮಗಳನ್ನು ಬೋಧಿಸಿತು. ಇವುಗಳಲ್ಲಿ ಹಲವನ್ನು ಎರೆ ಭೂಮಿಯ, ಅಂದರೆ ನೀರು ಹೀರಿ ಉಬ್ಬುವ, ಒಣಗಿದರೆ ಬಾಯಿಬಿಡುವ ಕಪ್ಪು ಮಣ್ಣಿನ ರೈತ ಮೊದಲೇ ಬಲ್ಲವನಾಗಿದ್ದ. ಅವನು ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಟ್ಟು, ಅಡ್ಡ ಅಲಗಿನ ಕುಂಟೆಯಿಂದ ಮೇಲ್ಮಣ್ಣನ್ನಷ್ಟೇ ಕೆದಕಿ ಕಳೆಯನ್ನು ಕೊಯ್ದು ಹಾಕುತ್ತಿದ್ದ. ಹಾಗೆ ಪುಡಿಯಾದ ಮಣ್ಣು ಬಿರುಕುಗಳನ್ನು ಮುಚ್ಚಿ ಒಳಗಿನ ಹಸಿ ಆರದಂತೆ ಹೊದಿಕೆಯಾಗುತ್ತಿತ್ತು. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಅದೇ ಹೊಲದಲ್ಲಿ ಕೂರಿಗೆ ಹೂಡಿದರೆ, ಬಟ್ಟಲಿಗೆ ಹಿಡಿಹಿಡಿಯಾಗಿ ಬಿಟ್ಟ ಜೋಳ ಟೊಳ್ಳು ಕೊಳವೆಗಳಲ್ಲಿ ಇಳಿದು, ಹಸಿ ಇರುವ ಆಳಕ್ಕೇ ಸಾಲುಸಾಲಾಗಿ ಬೀಳುತ್ತಿತ್ತು. ಭಾರತದ ರೈತನಿಗೆ ಬೇಸಾಯ ತಿಳಿಯದೆಂಬ ಮಾತನ್ನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವೋಲ್ಕರ್ 1893ರ ತಮ್ಮ ವರದಿಯಲ್ಲೇ ಅಲ್ಲಗಳೆದಿದ್ದರು. ಅದನ್ನು ಇಲಾಖೆಗಳು ಎಷ್ಟರಮಟ್ಟಿಗೆ ಮನಸ್ಸಿಗೆ ತಂದುಕೊಂಡವೆಂಬುದು ಬೇರೆ ಮಾತು.

ಹೊಸ ಪದ್ಧತಿಯಿಂದ ಇಳುವರಿ ಹೆಚ್ಚಿದ್ದು ಶೇ. 15–20ರಷ್ಟು ಮಾತ್ರ, ಅದೂ ಮೊದಲೇ ತೀರ ಕಡಿಮೆಯಿದ್ದ ಇಳುವರಿಯ ಮೇಲೆ. ರೈತರು ಅದನ್ನು ಮುಗಿಬಿದ್ದು ಒಪ್ಪಿಕೊಳ್ಳದಿದ್ದುದನ್ನು ಅಜ್ಞಾನವೆನ್ನುವುದಕ್ಕಿಂತ ಲೆಕ್ಕಾಚಾರವೆನ್ನುವುದೇ ಸರಿ. ಒಡ್ಡಿನ ವಿಷಯದಲ್ಲಂತೂ ಕಲಿಸುವವರದೇ ತಪ್ಪಿತ್ತು. ನೆಲದ ಮಟ್ಟವನ್ನು ಅನುಸರಿಸುವ ಸಮಪಾತಳಿ ಒಡ್ಡು ಹೊಲದ ಬದುವನ್ನು ಲೆಕ್ಕಿಸದೆ ಅಡ್ಡಹಾಯುತ್ತಿತ್ತು. ಆಳವಾದ ಎರೆಯಲ್ಲಿ ಅದರ ಹಿಂದೆ ನೀರು ನಿಂತು ಬೆಳೆ ಹಾಳಾಗುತ್ತಿತ್ತು, ಬೇಸಿಗೆಯಲ್ಲಿ ಬಿರುಕುಬಿಟ್ಟ ಒಡ್ಡು ಮುಂದಿನ ದೊಡ್ಡ ಮಳೆಗೆ ಒಡೆಯುತ್ತಿತ್ತು.

ಒಣಬೇಸಾಯಕ್ಕೆ 1970ರಲ್ಲಿ ಅಖಿಲ ಭಾರತ ಸಮನ್ವಿತ ಯೋಜನೆ ಬಂದ ಮೇಲೆ ಪ್ರಯೋಗಗಳು ಕೇಂದ್ರದ ಬೇಲಿ ದಾಟಿ ರೈತರ ಹೊಲಗಳಿಗೂ ಬಂದವು. ವಿಜಯಪುರದಲ್ಲಿ ಪ್ರಚಾರಕ್ಕೆ ಬಂದ ಚೌಕುಮಡಿ ಆ ಮಣ್ಣಿಗೆ ಹೊಂದುವಂಥದು: ಮುಂಗಾರಿನಲ್ಲೇ ಹೊಲವನ್ನು ಗಿಡ್ಡ ಬದುಗಳ ಸಣ್ಣ ಚೌಕಗಳಾಗಿ ಒಡೆದರೆ ಮಳೆನೀರು ಬಿದ್ದಲ್ಲೇ ಇಂಗುತ್ತದೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ಮಣ್ಣು ಪರೀಕ್ಷೆಯ ಫಲಿತಾಂಶವನ್ನು ಹಳ್ಳಿಗಳಿಗೆ ಮುಟ್ಟಿಸುವ ಕೆಲಸ ಬಹುಮಟ್ಟಿಗೆ ರೈತ ಅನುವುಗಾರರ, ಅಂದರೆ ರೈತರ ನಡುವಿನಿಂದಲೇ ಆಯ್ದು ತರಬೇತಿ ಕೊಟ್ಟವರ, ಪಾಲಿಗೆ ಬಂದಿತು.

ಕೇಂದ್ರ ಮತ್ತು ಹೊಲ ಎರಡೂ ಸೇರಿ ಕೊಟ್ಟ ಗಟ್ಟಿ ಫಲವೆಂದರೆ ಬೀಜ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ರೈತರ ಮಾಲದಂಡಿ ಜೋಳದಿಂದಲೇ ಎಂ 35-1 ತಳಿಯನ್ನು ಆಯ್ದು ತೆಗೆಯಲಾಯಿತು. ಅನಂತರ ಹಿಂಗಾರಿ ಜೋಳದಲ್ಲಿ ಎಷ್ಟೋ ಹೊಸ ತಳಿಗಳು ಬಂದಿವೆ. ಆದರೂ ರೊಟ್ಟಿಗೂ ದನದ ಮೇವಿಗೂ ಒದಗುವುದೆಂದು ವಿಜಯಪುರ ಸೀಮೆಯ ಬಹಳಷ್ಟು ರೈತರು ಈಗಲೂ ಬಿತ್ತುವುದು ಮಾಲದಂಡಿಯನ್ನೇ.