ಮಧುಗಿರಿಯ ಮಗುವೂ ಇಂಗ್ಲಿಷ್ ಸ್ಪೆಲಿಂಗೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿಯ ಹಳ್ಳಿಯ ಮಗುವಿಗೆ ಇಂಗ್ಲಿಷ್ ಮಾತುಗಳು ಹೊಸವೇನಲ್ಲ. ಬಸ್ಸು, ಟಿಕೆಟ್ಟು, ಲೈಟು ನಿತ್ಯವೂ ನಾಲಗೆಯ ಮೇಲಿರುವವೇ. ಆದರೆ ಸ್ಲೇಟು ಹಿಡಿದು 'ಲೈಟ್' ಎಂದು ಬರೆಯಹೊರಟರೆ ನಡುವೆ ಜಿ, ಎಚ್ ಎಂಬ ಎರಡು ಅಕ್ಷರಗಳು ಬಂದು ಕೂರುತ್ತವೆ. ಪಾವಗಡದ ಗಡಿಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಮಕ್ಕಳೂ ಉಂಟು. ಆ ಎರಡು ಲಿಪಿಗಳಲ್ಲಿಯೂ ಗುಣಿತ ಕೈವಶವಾದರೆ ಕೇಳಿದ್ದನ್ನು ಬರೆಯಬಹುದು. ಅಂಥ ಮಗು ಜಿ, ಎಚ್ ಬಿಟ್ಟು ಬರೆದರೆ ಅದನ್ನು ದಡ್ಡನೆನ್ನುವುದು ನ್ಯಾಯವೇ?

ತಪ್ಪು ಮಗುವಿನದಲ್ಲ, ಚರಿತ್ರೆಯದು. ಒಂದು ಕಾಲಕ್ಕೆ ಆ ಜಿ, ಎಚ್ ಗಂಟಲಿನಿಂದ ಹೊರಡುವ ಹಕಾರವಾಗಿ ಕೇಳಿಸುತ್ತಿದ್ದವು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ತೆರೆದನು. ಅಚ್ಚಿನ ಮೊಳೆಗಳು ಕ್ರಮೇಣ ಬರವಣಿಗೆಯನ್ನು ಕಟ್ಟಿಹಾಕಿದವು. ನಾಲಗೆ ಮಾತ್ರ ತನ್ನ ಪಾಡಿಗೆ ತಾನು ಮುಂದೆ ಸಾಗಿತು.

'ನೇಮ್' ಎಂಬ ಮಾತನ್ನೇ ನೋಡಿ. ಹದಿನಾಲ್ಕನೆಯ ಶತಮಾನದ ಇಂಗ್ಲಿಷರು ಅದನ್ನು ಹೆಚ್ಚುಕಡಿಮೆ 'ನಾಮ' ಎಂದೇ ನುಡಿಯುತ್ತಿದ್ದರು! ನಮ್ಮ ಸಂಸ್ಕೃತದ ನಾಮಕ್ಕೆ ಅದು ದೂರದ ನಂಟೂ ಹೌದು. ಉಚ್ಚಾರ ಬದಲಾದರೂ ಕೊನೆಯ 'ಇ' ಅಕ್ಷರ ನಿಂತಲ್ಲಿಯೇ ನಿಂತಿತು. ಹಿಂದಿನ ಸ್ವರವನ್ನು ಎಳೆಯುವುದಷ್ಟೇ ಈಗ ಅದರ ಕೆಲಸ. 'ಮ್ಯಾಡ್' ಎಂಬುದಕ್ಕೆ 'ಇ' ಸೇರಿದರೆ 'ಮೇಡ್' ಆಗುವುದು ಹೀಗೆ. ('ಹ್ಯಾವ್', 'ಗಿವ್' ಮಾತುಗಳು ಈ ನಿಯಮಕ್ಕೂ ಬಗ್ಗವು.) ಇನ್ನು 'ಡೆಟ್' ಎಂಬುದರಲ್ಲಿ ಬಿ ಅಕ್ಷರವನ್ನು ತಂದಿಟ್ಟವರು ಲ್ಯಾಟಿನ್ ಮೂಲವನ್ನು ನೆನಪಿಸಬೇಕೆಂಬ ಪಂಡಿತರು. ಆ ಬಿ ಎಂದೂ ಬಾಯಿಗೆ ಬರಲಿಲ್ಲ.

ಕನ್ನಡಕ್ಕೂ ಪರಭಾಷೆಯ ಮಾತುಗಳು ಬಂದಿವೆ. 1687ರಲ್ಲಿ ಮೊಗಲರ ವಶವಾದ ಶಿರಾ ಅವರ ಸುಬೆಯ ಕೇಂದ್ರವಾಯಿತು. ಅಂಥ ಆಡಳಿತಗಳ ದಾರಿಯಲ್ಲಿ ಬಂದವು ಅರ್ಜಿ, ಜಮೀನು ಮೊದಲಾದವು. ಪಾರಸಿ ಬರವಣಿಗೆಯಲ್ಲಿ ಈ ಎರಡು ಮಾತುಗಳ ಜಕಾರಕ್ಕೆ ಬೇರೆ ಬೇರೆ ಅಕ್ಷರಗಳು. ಉರ್ದು ಕಲಿಯುವ ಮಗು ಇಂದಿಗೂ ಅವನ್ನು ನೆನಪಿಡಬೇಕು. ಕನ್ನಡವೋ ಕಿವಿಗೆ ಕೇಳಿದಂತೆ ಒಂದೇ 'ಜ' ಬರೆದು ಮುಗಿಸಿತು.

ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ಏರ್ಪಾಡು 2007ರಲ್ಲಿ ಬಂದಿತು. ಮಾತುಗಳನ್ನು ಒಂಟಿಯಾಗಿ ಉರುಹೊಡೆಸುವ ಬದಲು ಲೈಟ್, ನೈಟ್, ರೈಟ್, ಫೈಟ್ ಎಂದು ಒಂದೇ ಮನೆಯವರನ್ನು ಒಟ್ಟಿಗೆ ಕೂರಿಸಿ, ಅವುಗಳ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿದರೆ ಮಗುವಿನ ಅಂಜಿಕೆ ಅರ್ಧ ಇಳಿದೀತು.

ಬರವಣಿಗೆಯನ್ನು ನಾಲಗೆಯ ಹತ್ತಿರ ತರುವ ಯತ್ನಗಳು ನಡೆದಿಲ್ಲವೆಂದಲ್ಲ. ಅಮೆರಿಕದ ನೋವಾ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ 'ಕಲರ್' ಮಾತಿನ ಯು ಅಕ್ಷರವನ್ನು ತೆಗೆದುಹಾಕಿದನು. ನಮ್ಮ ಜಿಲ್ಲೆಯ ಹೆಸರಿಗೆ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ನಡುವೆ ಒಂದು ಎ, ಕೊನೆಗೆ ಒಂದು ಯು ಸೇರಿ, ಅದು ಕನ್ನಡದ ಬಾಯಿಗೆ ಹೊಂದುವ 'ತುಮಕೂರು' ಆಯಿತು. 'ಕೂ'ವಿನ ದೀರ್ಘ ಮಾತ್ರ ಆ ಅಕ್ಷರಗಳಲ್ಲಿ ಇನ್ನೂ ಕಾಣದು.