ಫಲಕದ ಮೇಲಿನ ಹೆಣ್ಣು

ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ರೈಲುದಾರಿ ಚಿತ್ತಾಪುರ, ಸೇಡಂಗಳನ್ನು ಹಾದು ಹೋಗುತ್ತದೆ. ಆ ದಾರಿಯ ಒಂದು ನಿಲ್ದಾಣದಲ್ಲಿ ಬಹಳ ವರ್ಷಗಳ ಹಿಂದೆ ನಾನು ಗಾಡಿಗಾಗಿ ಕಾಯುತ್ತ ಕುಳಿತಿದ್ದೆ. ಚಿಂಚೋಳಿ ಕಡೆಯ ಒಬ್ಬ ಮುದುಕಿ ಅಕ್ಕಪಕ್ಕದ ಎರಡು ಬಾಗಿಲುಗಳ ಮುಂದೆ ನಿಂತು, ಅತ್ತ ಹೋಗಲಾರದೆ ಇತ್ತ ಬರಲಾರದೆ ತಳಮಳಿಸುತ್ತಿದ್ದಳು. ಬಾಗಿಲುಗಳ ಮೇಲೆ ಎರಡು ಕರಿಯ ಆಕೃತಿಗಳಿದ್ದವು. ಒಂದಕ್ಕೆ ಎರಡು ಕಾಲು. ಇನ್ನೊಂದಕ್ಕೆ ಸೊಂಟದಿಂದ ಕೆಳಗೆ ಒಂದು ತ್ರಿಕೋನ. ನನ್ನನ್ನು ಕಂಡು ಆಕೆ ಕೇಳಿದಳು: “ಎರಡೂ ಗಂಡಸರೇ ಅದಾರಲ್ಲೋ ತಮ್ಮಾ. ತೆಲಿ ಮ್ಯಾಗ ಸೆರಗಿಲ್ಲ, ತುರುಬಿಲ್ಲ. ನಾ ಎಲ್ಲಿ ಹೋಗ್ಲಿ?”

ಓದುಬರಹ ಬಾರದವರಿಗೆಂದೇ ಬರೆದ ಚಿತ್ರವದು. ಆದರೆ ಲಂಗವನ್ನಾಗಲಿ ಫ್ರಾಕನ್ನಾಗಲಿ ಜನ್ಮದಲ್ಲಿ ಉಡದ ಆಕೆಗೆ ತ್ರಿಕೋನವು ಹೆಣ್ಣಾಗಿ ಕಾಣುವುದಾದರೂ ಹೇಗೆ? ಕುಟುಂಬ ಯೋಜನೆಯ ಕೆಂಪು ತ್ರಿಕೋನದೊಡನೆ ಊರೂರಿನ ಗೋಡೆಗಳ ಮೇಲೆ ತಂದೆ, ತಾಯಿ, ಮಗ, ಮಗಳು ಎಂಬ ನಾಲ್ಕು ಮುಖಗಳಿದ್ದುವಲ್ಲ, ಅವುಗಳಲ್ಲಿ ತಾಯಿ ಯಾರೆಂದು ಆಕೆಯನ್ನು ಕೇಳಿದ್ದರೆ ಥಟ್ಟನೆ ಬೆರಳಿಟ್ಟು ತೋರಿಸುತ್ತಿದ್ದಳು.

ನಿಜಾಮರ ಕಾಲದಲ್ಲಿ ಈ ಸೀಮೆಯ ಜನರಿಗೆ ‘ಜನಾನಾ’, ‘ಮರ್ದಾನಾ’ ಎಂಬ ಮಾತುಗಳು ಬಾಯಿಪಾಠವಾಗಿದ್ದವು. 1890ರ ರೈಲ್ವೆ ಕಾಯಿದೆಯು ಪ್ರಯಾಣಿಕರ ಪ್ರತಿಯೊಂದು ಗಾಡಿಯಲ್ಲಿಯೂ ಕೆಳದರ್ಜೆಯ ಒಂದು ಕೋಣೆಯನ್ನಾದರೂ ಸ್ತ್ರೀಯರಿಗೇ ಮೀಸಲಿಡಬೇಕೆಂದು ವಿಧಿಸಿತು. ಗಾಡಿ ಐವತ್ತು ಮೈಲಿಗಿಂತ ದೂರ ಹೋಗುವುದಾದರೆ ಅಂಥ ಕೋಣೆಯಲ್ಲಿ ಶೌಚಗೃಹ ಇರಬೇಕೆಂಬುದು ಅದರ ಮುಂದಿನ ಮಾತು. ಒಳ್ಳೆಯ ಏರ್ಪಾಡು, ಸಂದೇಹವಿಲ್ಲ. ಆದರೆ ಬೇರೆ ಹಲಗೆ ಬೇಕಾದುದು ಹೆಣ್ಣಿಗೆ ಮಾತ್ರ. ಉಳಿದ ಡಬ್ಬಿಗಳ ಮೇಲೆ ‘ಗಂಡಸರು’ ಎಂದು ಯಾರೂ ಬರೆಯಲಿಲ್ಲ.

ಈ ನಾಡಿನಲ್ಲಿ ಸಾರ್ವಜನಿಕ ಫಲಕಗಳ ಚರಿತ್ರೆ ಎಲ್ಲಿಂದ ಆರಂಭವಾಗುತ್ತದೆ ಎಂದು ಕೇಳಿದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಬೇಕು. ಭೀಮೆಯ ದಂಡೆಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ವಿಗ್ರಹ ಒಡೆದಾಗ ಅದರ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅವು ಅಶೋಕನ ಶಾಸನಗಳು. ಎಷ್ಟೋ ಕಾಲ ಚಕ್ರವರ್ತಿಯ ಮಾತು ದೇವಿಯ ಪಾದದಡಿಯಲ್ಲಿ ಅಡಗಿ ಕುಳಿತಿತ್ತು! ಆ ಚಪ್ಪಡಿಯಲ್ಲಿರುವ ಶಾಸನಗಳಲ್ಲಿ ಹನ್ನೆರಡನೆಯದೂ ಒಂದು. ಅನ್ಯಮತಗಳನ್ನು ಗೌರವಿಸಬೇಕೆಂದು ಹೇಳುವ ಆ ಪ್ರಸಿದ್ಧ ಶಾಸನದ ಪಾಠವು, ಈ ಕಾರ್ಯಕ್ಕಾಗಿ ನೇಮಕಗೊಂಡ ಅಧಿಕಾರಿಗಳನ್ನು ಹೆಸರಿಸುವಾಗ ಸ್ತ್ರೀಯರ ಮೇಲ್ವಿಚಾರಣೆಯ ಮಹಾಮಾತ್ರರನ್ನೂ ಹೇಳುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರಹದಲ್ಲಿ ಹೆಣ್ಣು ಕಾಣಿಸಿಕೊಳ್ಳುವುದು ಮೇಲ್ವಿಚಾರಣೆಗೆ ಒಳಪಟ್ಟವಳಾಗಿ. ರೈಲಿನ ಕಾಯಿದೆಯ ಮೀಸಲು ಕೋಣೆ ನನಗೆ ಅಷ್ಟೇನೂ ಹೊಸದಾಗಿ ತೋರದಿರುವುದಕ್ಕೆ ಇದೂ ಒಂದು ಕಾರಣ.

ಸನ್ನತಿಗೆ ಹತ್ತಿರವೇ ಇರುವ ಕನಗನಹಳ್ಳಿಯ ಸ್ತೂಪದಲ್ಲಿ ಇನ್ನೊಂದು ಸಾಕ್ಷ್ಯವಿದೆ. 1990ರ ದಶಕದ ಉತ್ಖನನದಲ್ಲಿ ದೊರೆತ ಅಲ್ಲಿಯ ಒಂದು ಉಬ್ಬುಶಿಲ್ಪದಲ್ಲಿ ಅಶೋಕನು ರಾಣಿಯೊಡನೆ ನಿಂತಿದ್ದಾನೆ. ಚಾಮರ ಹಿಡಿದ, ಛತ್ರ ಹಿಡಿದ ಪರಿಚಾರಿಕೆಯರೂ ಇದ್ದಾರೆ. ಬರಹ ಮಾತ್ರ ‘ರಾಯೋ ಅಸೋಕೋ’ ಎಂದಷ್ಟೆ. ರಾಣಿಗೆ ರೂಪ ಉಂಟು, ಹೆಸರಿಲ್ಲ. ಇದನ್ನು ಶಿಲ್ಪಿಯ ತಪ್ಪೆನ್ನಲು ನನಗೆ ಮನಸ್ಸಿಲ್ಲ. ಯಾಕೆಂದರೆ ಅದೇ ಸ್ತೂಪದ ದಾನಶಾಸನಗಳಲ್ಲಿ ಭಿಕ್ಷುಣಿಯರ, ಗೃಹಿಣಿಯರ ಹೆಸರುಗಳಿವೆ. ಕಲ್ಲನ್ನು ತಾನೇ ದಾನವಿತ್ತ ಹೆಣ್ಣಿನ ಹೆಸರು ಕಲ್ಲಿನ ಮೇಲೆ ನಿಂತಿತು. ಗಂಡನ ಮಗ್ಗುಲಲ್ಲಿ ನಿಂತವಳದು ನಿಲ್ಲಲಿಲ್ಲ.

ಇನ್ನು ನಮ್ಮ ನಾಡಿನ ಮಾಸ್ತಿಕಲ್ಲುಗಳು. ಕಂಬದಿಂದ ಹೊರಚಾಚಿದ ಒಂದು ತೋಳು, ಅದರ ತುಂಬ ಬಳೆ, ಮೇಲೆ ಸೂರ್ಯಚಂದ್ರರು. ಗಂಡನೊಡನೆ ಚಿತೆಯೇರಿದವಳನ್ನು ಸೂಚಿಸಲು ಒಂದು ತೋಳು ಸಾಕಾಯಿತು. ಎಷ್ಟೋ ಕಲ್ಲುಗಳಲ್ಲಿ ಮುಖವೂ ಇಲ್ಲ, ಹೆಸರೂ ಇಲ್ಲ. 1057ರ ಬೆಳತೂರು ಶಾಸನವು ದೇಕಬ್ಬೆಯ ಹೆಸರನ್ನೂ ಕತೆಯನ್ನೂ ಹೇಳುವುದು ನಿಜ; ಅಂಥವು ಕಡಮೆ. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು ಆತಕೂರಿನ ಕಲ್ಲು. ಹಂದಿಯೊಡನೆ ಹೋರಾಡಿ ಸತ್ತ ನಾಯಿಯ ಸ್ಮಾರಕವದು. ಆ ನಾಯಿಯ ಹೆಸರು ‘ಕಾಳಿ’ ಎಂದು ಸಾವಿರ ವರ್ಷ ಕಳೆದ ಮೇಲೂ ನಮಗೆ ಗೊತ್ತಿದೆ. ನಾಯಿಯ ಮೇಲೆ ನನಗೆ ಮತ್ಸರವಿಲ್ಲ. ಆದರೆ ಬಳೆಯ ತೋಳುಗಳ ಮುಂದೆ ನಿಂತಾಗಲೆಲ್ಲ ಆ ಹೆಸರು ನೆನಪಾಗುತ್ತದೆ.

ರಸ್ತೆ ಕೆಲಸದ ಫಲಕವನ್ನು ನೋಡಿ. ಇಂಗ್ಲಿಷಿನವರು ಅದನ್ನು ‘ಮೆನ್ ಅಟ್ ವರ್ಕ್’ ಎಂದರು. ಕನ್ನಡದಲ್ಲಿ ‘ಕೆಲಸ ನಡೆದಿದೆ’ ಎನ್ನುತ್ತೇವೆ. ಈ ವಾಕ್ಯಕ್ಕೆ ಹೆಣ್ಣೂ ಇಲ್ಲ, ಗಂಡೂ ಇಲ್ಲ, ಕರ್ತೃವು ಕೆಲಸವೇ. ಭಾಷೆ ಬಿಟ್ಟುಕೊಟ್ಟ ಜಾಗದಲ್ಲಿ ಚಿತ್ರವು ಸಲಿಕೆ ಹಿಡಿದ ಗಂಡಸನ್ನು ಮತ್ತೆ ತಂದು ನಿಲ್ಲಿಸುತ್ತದೆ. ಮುಂಬಯಿಯ ದಾದರಿನಲ್ಲಿ 2020ರ ಆಗಸ್ಟ್ ತಿಂಗಳಿನಲ್ಲಿ, ರಸ್ತೆ ದಾಟುವವರ ದೀಪದಲ್ಲಿ ಹೆಣ್ಣಿನ ಆಕೃತಿಯನ್ನು ಅಳವಡಿಸಿದಾಗ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಯಿತು. ಅಲ್ಲಿಯೂ ಹೆಣ್ಣೆಂದರೆ ಲಂಗದ ತ್ರಿಕೋನವೇ ಎಂಬುದನ್ನು ಕೆಲವರು ಗಮನಿಸಿದರು, ನಮ್ಮ ಮುದುಕಿ ಅದಕ್ಕೂ ಎಷ್ಟೋ ಮೊದಲೇ ಗಮನಿಸಿದ್ದಳು.

ಶಹಾಬಾದಿನ ಫರಸಿಕಲ್ಲು ಎಷ್ಟೋ ಊರುಗಳ ಮನೆಗಳಿಗೆ ನೆಲವಾಗಿದೆ. ಗಣಿಯಿಂದ ಬರುವ ರಸ್ತೆಯೊಂದನ್ನು ಒಮ್ಮೆ ರಿಪೇರಿ ಮಾಡುತ್ತಿದ್ದರು. ಸಿಂಬಿಯ ಮೇಲೆ ಬುಟ್ಟಿ ಇಟ್ಟುಕೊಂಡು ಜಲ್ಲಿ ಹೊರುತ್ತಿದ್ದವರೆಲ್ಲ ಹೆಂಗಸರು. ದಾರಿಯ ಮಗ್ಗುಲಲ್ಲಿ ಸಲಿಕೆಯ ಗಂಡಸಿನ ಫಲಕ ನೆಟ್ಟಿತ್ತು. ಅವರಲ್ಲೊಬ್ಬಳು ಅದರ ಕಂಬಕ್ಕೂ ಪಕ್ಕದ ಜಾಲಿಯ ಮರಕ್ಕೂ ಹಳೆಯ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದ್ದಳು.