ಒಂದೇ ಗಣಕದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆ

ಗಣಕಯಂತ್ರದಲ್ಲಿರುವ ವಿಂಡೋಸ್ ಅಳಿಸದೆಯೇ ಅದರೊಳಗೆ ಲಿನಕ್ಸ್ ಅಥವಾ ಹಳೆಯ ವಿಂಡೋಸ್ ಎಕ್ಸ್‌ಪಿ ನಡೆಸುವ ವಿಧಾನವೇ ವರ್ಚುವಲೈಸೇಷನ್. 2007ರಲ್ಲಿ ಜರ್ಮನಿಯ ಇನೋಟೆಕ್ ಬಿಡುಗಡೆ ಮಾಡಿದ, ಈಗ ಒರಾಕಲ್ ಒಡೆತನದಲ್ಲಿರುವ ವರ್ಚುವಲ್‌ಬಾಕ್ಸ್ ಇದಕ್ಕೆ ಬಳಸುವ ತಂತ್ರಾಂಶಗಳಲ್ಲೊಂದು.

ಇದು ಗಣಕದೊಳಗೊಂದು ಕಾಲ್ಪನಿಕ ಗಣಕವನ್ನು ಸೃಷ್ಟಿಸುತ್ತದೆ. ಅದರ ಹಾರ್ಡ್ ಡಿಸ್ಕ್ ಎಂಬುದು ನಿಜವಾದ ಡಿಸ್ಕಿನಲ್ಲಿರುವ ಒಂದು ಕಡತವಷ್ಟೇ. ಆದರೆ ಸ್ಮೃತಿ ನಿಜವಾಗಿಯೇ ಹಂಚಿಹೋಗುತ್ತದೆ: 8 ಜಿಬಿಯಲ್ಲಿ 2 ಜಿಬಿಯನ್ನು ಅತಿಥಿ ವ್ಯವಸ್ಥೆಗೆ ಕೊಟ್ಟರೆ, ಅದು ನಡೆಯುವಷ್ಟು ಹೊತ್ತು ಮೂಲ ವ್ಯವಸ್ಥೆಗೆ ಉಳಿಯುವುದು 6 ಜಿಬಿ. ಪ್ರೊಸೆಸರ್‌ನ ವರ್ಚುವಲೈಸೇಷನ್ ಸೌಲಭ್ಯವನ್ನು ಬಯಾಸ್‌ನಲ್ಲಿ ಸಕ್ರಿಯಗೊಳಿಸಿರಬೇಕು.

ಹೊಸ ವಿಂಡೋಸ್‌ನಲ್ಲಿ ಓಡದ ಹಳೆಯ ಲೆಕ್ಕಪತ್ರ ತಂತ್ರಾಂಶವನ್ನು ಎಕ್ಸ್‌ಪಿಯಲ್ಲಿ ಹೀಗೆ ಉಳಿಸಿಕೊಳ್ಳಬಹುದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ರಂದು ಕೊನೆಗೊಂಡಿರುವುದರಿಂದ ಅದಕ್ಕೆ ಅಂತರ್ಜಾಲ ಸಂಪರ್ಕ ಕೊಡದಿರುವುದೇ ಕ್ಷೇಮ.